ಹೂವಮ್ಮನಾಗಿದ್ದ ಕೊನೆಯ ದಿನ

ಆ ಮಧ್ಯಾಹ್ನ ಅಕ್ಕ ಮತ್ತು ನಾನು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಬೆರಳಲ್ಲಿ ಒತ್ತಿದರೆ ಬೇಳೆ ಸಿಪ್ಪೆಯಿಂದ ಚಿಮ್ಮಿ ಬೋಗುಣಿಗೆ ಬೀಳಬೇಕು. ನನ್ನದು ಅಂಗಳಕ್ಕೆ ಹಾರುತ್ತಿತ್ತು.

“ಗುರುಗಳಿಗೆ ಸಾರು ಮಾಡ್ತಿದೀಯೋ, ಕಾಗೆಗೆ ತಿಥಿ ಊಟ ಹಾಕ್ತಿದೀಯೋ?” ಎಂದರು ಅಕ್ಕ. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು. ಅಲ್ಲಿ ಹೆಂಗಸರು ಗಟ್ಟಿಯಾಗಿ ನಗುವಂತಿರಲಿಲ್ಲ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಕೆಂಗೇರಿಯಾಚೆಯ ಆ ಆಶ್ರಮದಲ್ಲಿ ಅವರು ಗುರುಗಳ ಮೊದಲ ಹೆಂಡತಿ, ನಾನು ಕೊನೆಯವಳು. ನಡುವೆ ಇನ್ನೂ ಕೆಲವರಿದ್ದರು. ಗುರುಗಳಿಗೆ ಮಗಳನ್ನು ಕೊಟ್ಟರೆ ದೇವರಿಗೇ ಕೊಟ್ಟಂತೆ ಎಂದು ಭಕ್ತರು ನಂಬಿದ್ದರು. ನನ್ನ ತಂದೆಯೂ ನಂಬಿದರು. ತಾಳಿ ಬಿದ್ದ ದಿನವೇ ಹುಟ್ಟಿದ ಮನೆಯ ಹೆಸರನ್ನು ಬಿಡಬೇಕು, ಮತ್ತೆ ಬಾಯಲ್ಲಿ ಬಂದರೆ ಅಂದು ಅನ್ನವಿಲ್ಲ. ಅಲ್ಲಿ ನಮಗೆ ಕೆಲಸವೇ ಹೆಸರು. ಹೂವು ತರುವವಳು ಹೂವಮ್ಮ, ನೀರು ಸೇದುವವಳು ನೀರಮ್ಮ, ದನ ನೋಡುವವಳು ಕೊಟ್ಟಿಗೆಯಮ್ಮ, ಅಡುಗೆಯವಳು ಒಲೆಯಮ್ಮ. ಕೆಲಸ ಬದಲಾದರೆ ಹೆಸರೂ ಬದಲಾಗುತ್ತಿತ್ತು. ನಾನು ಹೂವಮ್ಮ, ಅಕ್ಕ ಒಲೆಯಮ್ಮ.

ಸಂಜೆ ಭಕ್ತನೊಬ್ಬ ತನ್ನ ಮಗಳನ್ನು ಕರೆತಂದ. ಅವಳಿಗಿನ್ನೂ ಸೀರೆ ಉಟ್ಟು ಅಭ್ಯಾಸವಿರಲಿಲ್ಲ, ನಡೆಯುವಾಗ ನೆರಿಗೆ ತುಳಿಯುತ್ತಿದ್ದಳು. ಗುರುಗಳು ನನ್ನತ್ತ ತಿರುಗದೆಯೇ ಹೇಳಿದರು: “ನಾಳೆ ಪೂಜೆ ಆದ್ಮೇಲೆ ಹೂವಮ್ಮ ಇವಳು. ನೀನು ನೀರಮ್ಮ.”

ಬೇಲಿ ದಾಟಿ ತೋಟಕ್ಕೆ ಹೋಗುವ ಅಪ್ಪಣೆ ಹೂವಮ್ಮನೊಬ್ಬಳಿಗೇ ಇತ್ತು. ನೀರಮ್ಮನ ಲೋಕ ಬಾವಿಕಟ್ಟೆಗೆ ಮುಗಿಯುತ್ತಿತ್ತು.

ಅಕ್ಕ ಪಾತ್ರೆ ತೊಳೆಯುತ್ತಾ ಮೆಲ್ಲಗೆ ಅಂದರು: “ನಾಳೆ ಬೆಳಿಗ್ಗೆವರೆಗೂ ನೀನು ಹೂವಮ್ಮನೇ ಕಣೇ. ಬುಟ್ಟಿ ತಗೊಂಡು ಹೋಗು. ತೋಟದಲ್ಲಿ ನಿಲ್ಲಬೇಡ, ಸೀದಾ ಸ್ಟೇಷನ್‌ಗೆ ಹೋಗು.”

“ನೀವೂ ಬನ್ನಿ ಅಕ್ಕಾ.”

“ಒಲೆ ಹೊಗೆ ಕಾಣದಿದ್ರೆ ಎಲ್ರೂ ಎದ್ದು ಬರ್ತಾರೆ. ನಾನು ಒಲೆ ಹಚ್ತೀನಿ, ನೀನು ಹೊರಡು. ಆಮೇಲೆ ನಾನೂ ನಿನ್ನ ಚಿಕ್ಕಮ್ಮನ ಮನೆಗೇ ಬರ್ತೀನಿ.”

ನಾನು ಅವರ ನಿಜವಾದ ಹೆಸರು ಕೇಳಿದೆ. ಹೊರಗೆ ಹೋದಮೇಲೆ ಒಲೆಯಮ್ಮ ಎಂದು ಕರೆಯುವ ಮನಸ್ಸಿರಲಿಲ್ಲ.

“ಅಲ್ಲಿಗೆ ಬಂದ್ಮೇಲೆ ಹೇಳ್ತೀನಿ. ಇಲ್ಲಿ ಹೇಳಿದ್ರೆ ಅದನ್ನೂ ಯಾರಿಗಾದ್ರೂ ಕೊಟ್ಬಿಡ್ತಾರೆ” ಎಂದು ನಕ್ಕರು.

ಬೆಳಿಗ್ಗೆ ಸೇವಂತಿಗೆಯ ಸಾಲುಗಳ ನಡುವೆ ಬುಟ್ಟಿಯನ್ನಿಟ್ಟು ನಡೆದೆ. ತಿರುಗಿ ನೋಡಿದಾಗ ಅಡುಗೆಮನೆಯ ಮೇಲೆ ಹೊಗೆ ನೇರವಾಗಿ ಏಳುತ್ತಿತ್ತು. ಸ್ಟೇಷನ್ನಿನಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ. ಇಷ್ಟು ಹತ್ತಿರವಿತ್ತೇ ಎಂದು ರೈಲಿನಲ್ಲಿ ಕುಳಿತಮೇಲೆ ಅನ್ನಿಸಿತು.

ಬಿನ್ನಿಪೇಟೆಯ ವಠಾರವೊಂದರಲ್ಲಿ ನನ್ನ ಚಿಕ್ಕಮ್ಮ ಇದ್ದರು. ಅವರು ಏನೂ ಕೇಳದೆ ಮುದ್ದೆ ಬಡಿಸಿದರು. ಗುರುಗಳ ಕಡೆಯವರಿಬ್ಬರು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು “ಹೂವಮ್ಮಾ” ಎಂದು ಕರೆದಾಗ, ನಾನು ಹೊರಗೆ ಬಂದೆ.

“ಹೂವಮ್ಮ ನಿಮ್ಮ ಆಶ್ರಮದಲ್ಲೇ ಇದಾಳಲ್ಲ. ಅಲ್ಲೇ ಹೋಗಿ ಕರೀರಿ” ಎಂದೆ.

ಚಿಕ್ಕಮ್ಮ ಬೆನ್ನ ಹಿಂದಿನಿಂದ ಸೇರಿಸಿದರು: “ಒಬ್ಬನಿಗೆ ಒಬ್ಬಳೇ ಅಂತ ಹೊಸ ಕಾನೂನು ಬಂದಿದೆಯಂತೆ. ಪೊಲೀಸ್ನೋರಿಗೆ ದೂರು ಕೊಡಿ ಸ್ವಾಮಿ, ಎಷ್ಟನೇ ಹೆಂಡ್ತಿ ಕಳ್ದೋದ್ಲು ಅಂತ ಲೆಕ್ಕ ಕೇಳ್ತಾರೆ.”

ಅವರು ಮತ್ತೆ ಬರಲಿಲ್ಲ. ನಾನು ಮಾಗಡಿ ರಸ್ತೆಯ ಷೆಡ್ಡೊಂದರಲ್ಲಿ ಊದುಬತ್ತಿ ಹೊಸೆಯುವ ಕೆಲಸಕ್ಕೆ ಸೇರಿದೆ. ಮೊದಲ ದಿನ ಮೇಸ್ತ್ರಿ ನನ್ನ ಹೆಸರನ್ನು ಕೂಗುತ್ತಲೇ ಇದ್ದರು, ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಸುಮ್ಮನೆ ಕುಳಿತಿದ್ದೆ. “ಏನಮ್ಮಾ, ಹೆಸರು ಮನೇಲೇ ಬಿಟ್ಟು ಬಂದ್ಯಾ?” ಎಂದು ಪಕ್ಕದವಳು ತಿವಿದಳು. ಎಲ್ಲರೂ ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಸೆರಗು ಬಾಯಿಗೆ ಹೋಗಲಿಲ್ಲ. ಆಮೇಲೆ ಒಂದೇ ಕೂಗಿಗೆ ಓಗೊಡುವುದನ್ನು ಕಲಿತೆ. ಸ್ವಂತಕ್ಕೊಂದು ಕೋಣೆ ಹಿಡಿದೆ. ಚಾಪೆ ಮಾತ್ರ ಎರಡು ಕೊಂಡೆ.

ಕೆಂಗೇರಿ ಕಡೆಯ ಸೊಪ್ಪಿನವಳೊಬ್ಬಳು ನಮ್ಮ ಬೀದಿಗೆ ಬರುತ್ತಿದ್ದಳು. ಆಶ್ರಮಕ್ಕೂ ಸೊಪ್ಪು ಹಾಕುತ್ತಿದ್ದಳು. ಬಂದಾಗಲೆಲ್ಲ ಕೇಳುತ್ತಿದ್ದೆ, “ಒಲೆಯಮ್ಮ ಹೆಂಗಿದಾರೆ?”

“ಚೆನ್ನಾಗವ್ರೆ ಕಣವ್ವ” ಎನ್ನುತ್ತಿದ್ದಳು. ಅಷ್ಟು ಸಾಕಿತ್ತು. ಬರುತ್ತಾರೆ, ಸಮಯ ನೋಡುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ.

ಒಂದು ಸಲ ದಂಟಿನ ಕಟ್ಟು ಕೊಡುತ್ತಾ ಅವಳೇ ಹೇಳಿದಳು: “ನಿಮ್ ಒಲೆಯಮ್ಮ ಈಗ ಬಸುರಿ ಕಣವ್ವ.”

ನಾನು ಅಲ್ಲಿದ್ದಾಗಲೇ ಅಕ್ಕನ ತಲೆ ಪೂರ್ತಿ ನೆರೆತಿತ್ತು. “ಅಷ್ಟು ವಯಸ್ಸಾದವರಾ?” ಎಂದೆ.

“ಓ, ನೀವು ಕೇಳ್ತಿದ್ದದ್ದು ಹಳೇ ಒಲೆಯಮ್ಮನ್ನಾ?” ಎಂದಳು. ಅವಳ ದನಿ ತಗ್ಗಿತು. “ಅವ್ರು ಜ್ವರ ಬಂದು ಹೋಗ್ಬಿಟ್ರಲ್ಲ ತಾಯಿ, ಹೋದ ಚಳಿಗಾಲದಲ್ಲೇ. ಮೊದ್ಲು ಕೊಟ್ಟಿಗೆಯಮ್ಮ ಆಗಿದ್ರಲ್ಲ, ಈಗ ಅವ್ರೇ ಒಲೆಯಮ್ಮ.”

ಸೊಪ್ಪಿನವಳದ್ದು ತಪ್ಪಿಲ್ಲ. ಆ ಮನೆಯಲ್ಲಿ ಯಾರು ಸತ್ತರೂ ಒಲೆಯಮ್ಮ ಸಾಯುವುದಿಲ್ಲ. ಹೊರಗೆ ಬಂದ ನಾನೇ ಅದನ್ನು ಮರೆತಿದ್ದೆ. ಅಕ್ಕ ಮಣ್ಣಾದ ಮೇಲೂ ಅವರು ಚೆನ್ನಾಗಿದ್ದಾರೆಂದು ಕೇಳಿ ನಾನು ಎಷ್ಟೋ ಸಲ ಸಮಾಧಾನದಿಂದ ಸೊಪ್ಪು ಬಿಡಿಸಿದ್ದೆ.

ಹೊರಟು ಬಂದದ್ದಕ್ಕೆ ನನಗೆ ಯಾವ ಅಳುಕೂ ಇಲ್ಲ. ಅಂಥ ಬೆಳಿಗ್ಗೆ ಇನ್ನೊಮ್ಮೆ ಬಂದರೂ ಬುಟ್ಟಿ ಇಟ್ಟು ಹೊರಡುತ್ತೇನೆ. ಈ ಜೀವನ ನಾನೇ ದುಡಿದು ಕಟ್ಟಿಕೊಂಡದ್ದು, ಇದಕ್ಕಾಗಿ ಅಂದು ಒಲೆ ಹಚ್ಚಿದವರು ಅಕ್ಕ. ಪ್ರತಿ ಚಳಿಗಾಲದಲ್ಲಿ ಹಿತುಕಿದ ಬೇಳೆ ಸಾರು ಮಾಡಿ, ಒಂದು ಎಲೆಯನ್ನು ಹೊರಗೆ ಕಾಗೆಗೆ ಇಡುತ್ತೇನೆ. ಆಮೇಲೆ ದೇವಸ್ಥಾನಕ್ಕೆ ಹೋಗಿ ಅರ್ಚನೆ ಮಾಡಿಸುತ್ತೇನೆ. ಅರ್ಚಕರು ಯಾರ ಹೆಸರಿನಲ್ಲಿ ಎಂದು ಕೇಳುತ್ತಾರೆ. ನನ್ನ ಹೆಸರನ್ನೇ ಹೇಳುತ್ತೇನೆ.

ಅಕ್ಕನ ಹೆಸರು ನನಗೆ ಗೊತ್ತಿಲ್ಲ.