ಲಮೀನನ ಹಾಡು, ರೊಕಿಯವರ ತಪ್ಪು

ಹಿದ್ ಪಟ್ಟಣದ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿರುವ ರೊಕಿ ಲಸ್ರಾದೊ ಬಹರೇನ್‌ಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಉಮ್ ಅಲ್ ಹಸ್ಸಮ್ ಬಡಾವಣೆಯ ಮನೆಯಲ್ಲಿ ಬಟ್ಟೆಯ ಕಪಾಟೇ ಅವರ ಸ್ಟುಡಿಯೊ. ಒಳಗೆ ಕಂಬಳಿ, ನಡುವೆ ಮೈಕ್. ಊರಿನವರ ಕೊಂಕಣಿ ಹಾಡುಗಳನ್ನು ಅಲ್ಲೇ ರೆಕಾರ್ಡ್ ಮಾಡುತ್ತಾರೆ. ಕೊನೆಗೆ ಹಾಡಿದವರ ಹೆಸರು ಹೇಳಿ, ‘ದೇವ್ ಬರೆಂ ಕರುಂ’ (ದೇವರು ಒಳ್ಳೆಯದು ಮಾಡಲಿ) ಎಂದು ವಂದಿಸುವುದು ಅವರ ರೂಢಿ.

ಮಾರ್ಚ್‌ನ ಒಂದು ಶುಕ್ರವಾರ ಅದೇ ಗೋದಾಮಿನ ಗೇಟ್ ಕಾಯುವ ಲಮೀನ್ ಸೀಸೆ ಮನೆಗೆ ಬಂದ. ಸೆನೆಗಲ್‌ನ ಕಡಲೂರಿನವನು, ಇಪ್ಪತ್ನಾಲ್ಕು ವರ್ಷ. ಸಮುದ್ರವನ್ನು ವಿದೇಶಿ ಟ್ರಾಲರ್‌ಗಳಿಗೆ ಬಿಟ್ಟುಕೊಟ್ಟ ಸರ್ಕಾರದ ವಿರುದ್ಧ ಅವನ ಗೆಳೆಯರು ಊರಿನಲ್ಲಿ ಭಾನುವಾರ ಸಭೆ ಸೇರಿ ರ್‍ಯಾಪ್ ಹಾಡುವವರಿದ್ದರು. ತನ್ನದೂ ಒಂದು ಹಾಡು ಅಲ್ಲಿ ಮೊಳಗಬೇಕು, ಆದರೆ ಹೆಸರಿಲ್ಲದೆ ಎಂಬುದು ಅವನ ಕೋರಿಕೆ. ಅಲ್ಲಿ ಇಂಥ ಹಾಡು ಹಾಡಿದವರ ಮನೆಗಳಿಗೆ ಪೊಲೀಸರು ಹೋಗುತ್ತಿದ್ದರು. ಅವನ ಮನೆಯಲ್ಲಿ ತಾಯಿ ಒಬ್ಬಳೇ.

ಹಾಡಿನ ಅರ್ಥವನ್ನು ಅವನು ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ: ‘ಅಮ್ಮ ಹೊಗೆಯಲ್ಲಿಟ್ಟು ಮಾರುತ್ತಿದ್ದ ಮೀನು ಈಗ ಕಾರ್ಖಾನೆಯಲ್ಲಿ ಹಿಟ್ಟು. ಪರದೇಶದ ಕೋಳಿಗೆ ಊಟ, ನಮಗೆ ವಾಸನೆ.’

“ಯಾವ ಮೀನು ಮಾರಾಯ?” ರೊಕಿಯವರ ಹೆಂಡತಿ ಪೆಟ್ರೊನಿಲ್ಲಾ ಕೇಳಿದರು. ಫೋನಿನಲ್ಲಿ ಚಿತ್ರ ನೋಡಿ, “ಇದು ನಮ್ಮ ಬೂತಾಯಿ ಅಲ್ವಾ!” ಎಂದರು.

ರೊಕಿ ಕಪಾಟಿನಲ್ಲಿ ರೆಕಾರ್ಡ್ ಮಾಡಿದ ಹಾಡು ಅಂದೇ ಫೋನಿನ ಮೂಲಕ ಲಮೀನನ ಊರಿಗೆ ಹೋಯಿತು. ಮರುದಿನ ಡ್ಯೂಟಿಯಲ್ಲಿ ಅದನ್ನು ಪೂರ್ತಿ ಕೇಳಿದ ಲಮೀನ್ ರೊಕಿಯವರ ಬಳಿಗೆ ಓಡಿದ. ಕೊನೆಯಲ್ಲಿ, ರೂಢಿಯಂತೆ, ರೊಕಿಯವರ ದನಿ: ‘ಲಮೀನ್ ಸೀಸೆ. ದೇವ್ ಬರೆಂ ಕರುಂ.’

“ನಿಮ್ಮ ಮಂಡೆ ಎಲ್ಲಿತ್ತು?” ವಿಷಯ ತಿಳಿದ ಪೆಟ್ರೊನಿಲ್ಲಾ ಫೋನಿನಲ್ಲೇ ಗಂಡನಿಗೆ ಬೈದರು. ಹಾಡನ್ನು ತಡೆಯಲು ಲಮೀನ್ ಫೋನ್ ಮಾಡಿದರೆ ಊರಿನಲ್ಲಿ ಗೆಳೆಯರು ಯಾರೂ ಕರೆ ಎತ್ತುತ್ತಿಲ್ಲ. ರೊಕಿ ಅರ್ಧ ದಿನದ ರಜೆ ಹಾಕಿ ಗಾರ್ಡ್ ಕ್ಯಾಬಿನ್‌ನಲ್ಲಿ ಲಮೀನನ ಪಕ್ಕ ಕೂತರು.

ಮೂರು ಗಂಟೆಗೆ ಲಮೀನನ ತಾಯಿಯೇ ಕರೆ ಮಾಡಿದಳು. ಗೆಳೆಯರು ಹೆಸರು ಕೇಳಿ ಗಾಬರಿಯಾಗಿ, ಹಾಡನ್ನು ಮೊದಲು ಅವಳ ಬಳಿಗೆ ಒಯ್ದಿದ್ದರು. ಅವಳು ಹೇಳಿದ್ದನ್ನು ಲಮೀನ್ ತಡೆದು ತಡೆದು ರೊಕಿಯವರಿಗೆ ತಿಳಿಸಿದ: “ಮೀನು ನನ್ನದು, ಮಗ ನನ್ನವನು. ಹೆಸರು ಇರಲಿ. ರೆಕಾರ್ಡ್ ಮಾಡಿಕೊಟ್ಟವರಿಗೆ ನನ್ನ ನಮಸ್ಕಾರ ಹೇಳು.”

ಭಾನುವಾರ ಹಾಡು ಹೆಸರಿನ ಸಮೇತ ಮೊಳಗಿತು. ಈವರೆಗೆ ತಾಯಿಯ ಮನೆಗೆ ಪೊಲೀಸರು ಯಾರೂ ಬಂದಿಲ್ಲ.

ತನಗೊಂದು ದನಿ ಕೊಟ್ಟವರು ರೊಕಿ ಎನ್ನುತ್ತಾನೆ ಲಮೀನ್. ರೊಕಿ ಒಪ್ಪುವುದಿಲ್ಲ. “ತಪ್ಪು ಮಾಡಿದವನು ನಾನು. ಬೈಯಬೇಕಾದ ಅಮ್ಮ ನಮಸ್ಕಾರ ಹೇಳಿದರು. ನಾನೇ ಅವರಿಗೆ ಋಣಿ” ಎನ್ನುತ್ತಾರೆ.