ಸತ್ತ ಟ್ಯಾಬಿಗೆ ದನಿ ಕೊಟ್ಟಾಕಿ

ಬೆಳಗಿನ ಐದು ಗಂಟೆ. ಶೇಡಬಾಳದ ಸ್ಟೇಷನ್ ರಸ್ತೆಯಲ್ಲಿ ಒಂದೇ ಒಂದು ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಟ್ಯೂಬ್‌ಲೈಟಿನ ಕೆಳಗೆ ಪ್ರಾಜಕ್ತಾ ಬನಸೋಡೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್. ಅದರಿಂದ ಹೊರಟ ವೈರಿನ ತುದಿಗೆ ಅಂಚು ಸವೆದ ಒಂದು ಟ್ಯಾಬ್. ಲ್ಯಾಪ್‌ಟಾಪಿನ ಪರದೆಯಲ್ಲಿ ಹಳದಿ ಪಟ್ಟಿಯೊಂದು ನಿಧಾನವಾಗಿ ಮುಂದೆ ಸರಿಯುತ್ತಿದೆ. ನಾನು ಕುರ್ಚಿ ಎಳೆಯಲು ಹೋದರೆ ಕಣ್ಣಲ್ಲೇ ತಡೆಯುತ್ತಾರೆ.

"ಮೇಜ ಅಲಗಾಡಿಸಬ್ಯಾಡ್ರಿ. ವಾಯರ್ ಸಡಲಾತಂದ್ರ ಮುಗೀತ. ಈಗ ಇದರಾಗ ಹಳೇದು ಅಳಿಸಿ ಹೋಗೈತಿ, ಹೊಸಾದು ಇನ್ನೂ ಪೂರಾ ಕುಂತಿಲ್ಲ. ನಡುಬರಕ ಐತಿ."

ಪಟ್ಟಿ ತುಂಬಿ, ಪರದೆಯಲ್ಲಿ ಹಸಿರು ಗುರುತು ಮೂಡುತ್ತದೆ. ವೈರ್ ಬಿಚ್ಚಿ ಟ್ಯಾಬಿನ ಗುಂಡಿ ಒತ್ತುತ್ತಾರೆ. ಕಂಪನಿಯ ಹೆಸರು ಬರುತ್ತದೆ, ನಿಲ್ಲುತ್ತದೆ. ತುಂಬಾ ಹೊತ್ತು ಅಲ್ಲೇ ನಿಂತಂತೆ ಕಾಣುತ್ತದೆ. ಆಮೇಲೆ ಪರದೆ ಬೆಳಗುತ್ತದೆ. ಪ್ರಾಜಕ್ತಾ ನಗುವುದಿಲ್ಲ, ಹಿಡಿದಿದ್ದ ಉಸಿರು ಬಿಡುತ್ತಾರೆ.

ನಾಲ್ಕೈದು ವರ್ಷದ ಹಿಂದೆ ಟ್ಯಾಬ್ ಅಗ್ಗವಾದಾಗ ಈ ಕಡೆಯ ಮನೆಮನೆಗೂ ಒಂದೊಂದು ಬಂತು. ಈಗ 2016. ಅವು ಒಂದೊಂದಾಗಿ ಕೆಡುತ್ತಿವೆ. ಗುಂಡಿ ಒತ್ತಿದರೆ ಕಂಪನಿಯ ಹೆಸರು ತೋರಿಸಿ ಅಲ್ಲೇ ನಿಂತುಬಿಡುತ್ತವೆ. ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ಅಂಗಡಿಯವರು ಒಮ್ಮೆ ತಿರುಗಿಸಿ ನೋಡಿ "ಹೊಸಾದು ತಗೋರಿ" ಎಂದು ಕಳಿಸುತ್ತಾರೆ. ಹಾಗೆ ವಾಪಸಾದವು ಚಿಕ್ಕೋಡಿ, ರಾಯಬಾಗದಿಂದಲೂ ಶೇಡಬಾಳಕ್ಕೆ ಬರುತ್ತವೆ. ದಿನಕ್ಕೆ ಎರಡೋ ಮೂರೋ. ಎಲ್ಲವೂ ಬದುಕುವುದಿಲ್ಲ.

"ಮ್ಯಾಲ ನೋಡಿದ್ರ ಎಲ್ಲಾ ಒಂದ ಥರ ಇರತಾವ್ರಿ. ಒಳಗಿನ ಬೋರ್ಡ್ ಬ್ಯಾರೆ ಬ್ಯಾರೆ. ಅದಕ್ಕ ಹೊಂದೂ ಸಾಫ್ಟ್‌ವೇರ್ ಫೈಲ್ ಹುಡುಕೂದ ದೊಡ್ಡ ಕೆಲಸ. ತಪ್ಪ ಫೈಲ್ ಹೊಡದ್ರ ಇದ್ದ ಬೆಳಕೂ ಹೋಗತೈತಿ."

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಸಾಫ್ಟ್‌ವೇರ್ ಹಾಕುವಾಗ ಕರೆಂಟ್ ಹೋದರೆ ಟ್ಯಾಬಿನ ಕತೆ ಅಲ್ಲಿಗೆ ಮುಗಿಯಿತು. ಬೆಳಗಿನ ಜಾವ ಕರೆಂಟ್ ನಂಬಿಗಸ್ತ. ಅದಕ್ಕೇ ಈ ಹೊತ್ತು.

ಕಾಗವಾಡದಲ್ಲಿ ಹುಟ್ಟಿದ ಪ್ರಾಜಕ್ತಾರಿಗೆ ಈಗ ಮೂವತ್ತಾರು. ತಂದೆ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಪಿಯುಸಿ ಮುಗಿದ ಮೇಲೆ ನಿಪ್ಪಾಣಿ ಕಡೆಗೆ ಮದುವೆಯಾಯಿತು, ಮುರಿಯಿತು. "ಅದನ್ನ ಬರೀಬ್ಯಾಡ್ರಿ" ಎಂದರು. ಬರೆಯುತ್ತಿಲ್ಲ. 2005ರಲ್ಲಿ ತವರಿಗೆ ಮರಳಿ, ಮಿರಜದ ಮೊಬೈಲ್ ಅಂಗಡಿಯೊಂದರಲ್ಲಿ ರೀಚಾರ್ಜ್ ಮಾಡುವ ಕೆಲಸಕ್ಕೆ ಸೇರಿದರು. ಮಾಲೀಕ ಶೀತಲ್ ರಿಪೇರಿಗೆ ಕೂತಾಗ ಹಿಂದೆ ನಿಂತು ನೋಡುತ್ತಿದ್ದರು. ಒಂದು ದಿನ ಅವರೇ ಸ್ಕ್ರೂಡ್ರೈವರ್ ಕೈಗೆ ಕೊಟ್ಟು "ಬಸ್, ಕರ್" ಎಂದರಂತೆ. ಕೂತ್ಕೋ, ಮಾಡು. ಆರು ವರ್ಷದ ನಂತರ ಶೇಡಬಾಳದಲ್ಲಿ ಸ್ವಂತ ಅಂಗಡಿ. ಹಿಂದಿನ ಕೋಣೆಯೇ ಮನೆ. ಜೊತೆಗಿದ್ದ ತಾಯಿ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ಈಗ ಆ ಕೋಣೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ.

ಗಿರಾಕಿಗಳು ಟ್ಯಾಬ್ ಕೊಟ್ಟು ಹೊರಗೆ ನಿಲ್ಲುತ್ತಾರೆ. "ಚಹಾ ತಗೋತೀರೇನ್ರಿ ಅಂತ ಕೇಳತೇನಿ. ಈಗ ಕುಡದ ಬಂದೇನ್ರಿ ಅಂತಾರ. ಎಲ್ಲಾರೂ ಕುಡದ ಬಂದಿರತಾರ" ಎಂದು ಹೇಳಿ ಅವರು ಬೇರೆ ಕಡೆ ನೋಡುತ್ತಾರೆ. ಈ ಸೀಮೆಯ ರಿಪೇರಿಯವರದ್ದೊಂದು ವಾಟ್ಸಾಪ್ ಗುಂಪಿದೆ. ಬೇಕಾದ ಫೈಲು, ಉಪಾಯ ಎಲ್ಲ ಅಲ್ಲೇ ವಿನಿಮಯ. ಪ್ರಾಜಕ್ತಾರ ನಂಬರಿಗೆ ಫೋಟೊ ಇಲ್ಲದ್ದರಿಂದ ಎಲ್ಲರೂ "ಶೇಡಬಾಳ ಭಾವೂ", ಶೇಡಬಾಳದ ಅಣ್ಣ, ಎನ್ನುತ್ತಿದ್ದರು. ಇವರೂ ತಿದ್ದಲಿಲ್ಲ. ಅಥಣಿಯವನೊಬ್ಬ ದಿನಾ ಫೈಲ್ ಕೇಳಿ ಬರೆಯುತ್ತಿದ್ದ. ಒಮ್ಮೆ ಈ ದಾರಿಯಲ್ಲಿ ಬಂದವನು ಭಾವೂನ್ನ ಹುಡುಕಿಕೊಂಡು ಅಂಗಡಿಗೆ ಬಂದ. ಒಳಗಿದ್ದವರನ್ನು, ಹಿಂದಿನ ಕೋಣೆಯ ಫೋಟೊವನ್ನು ಕಂಡು, ನೀರನ್ನೂ ಕೇಳದೆ ಹೋದ.

"ಅವತ್ತಿಂದ ಅಂವ ಏನೂ ಕೇಳಿಲ್ರಿ. ಫೈಲ್ ಅಂತೂ ಅವ ಅದಾವ, ಬದಲಾಗಿಲ್ಲ."

ಹೋದ ಮಳೆಗಾಲದಲ್ಲಿ ಚಿಂಚಲಿಯ ವಿಠೋಬಾ ಬಂದರು. ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ ಅವರದು. ಟವೆಲ್ಲಿನಲ್ಲಿ ಸುತ್ತಿದ್ದ ಟ್ಯಾಬನ್ನು ಮೇಜಿನ ಮೇಲಿಟ್ಟು, "ಅಕ್ಕಾರ, ಇದು ಹ್ವಾದ್ರ ನನ್ನ ಮಗಳ ಮಾತ ಹೋದಂಗ್ರಿ" ಎಂದರು. ಪ್ರಾಜಕ್ತಾ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎಲ್ಲರೂ ತಮ್ಮ ಟ್ಯಾಬಿನ ಬಗ್ಗೆ ಹೀಗೇ ಹೇಳುತ್ತಾರೆ.

ಆದರೆ ವಿಠೋಬಾ ಹೇಳಿದ್ದು ನಿಜವೇ ಆಗಿತ್ತು. ಮಗಳು ಸಾರಿಕಾಗೆ ಹತ್ತು ವರ್ಷ. ಕಿವಿ ಚುರುಕು, ಬುದ್ಧಿ ಚುರುಕು, ಮಾತು ಮಾತ್ರ ಹುಟ್ಟಿದಾಗಿನಿಂದ ಬಂದಿಲ್ಲ. ಕೈಕಾಲೂ ಹೇಳಿದಂತೆ ಕೇಳುವುದಿಲ್ಲ. ಪೂರ್ತಿ ಹತೋಟಿಗೆ ಸಿಗುವುದು ಬಲಗೈಯ ಒಂದು ಬೆರಳು. ಮಿರಜದ ಸಂಸ್ಥೆಯೊಂದರ ಶಿಕ್ಷಕಿ ಈ ಟ್ಯಾಬಿನಲ್ಲಿ ಚಿತ್ರಗಳನ್ನು ಜೋಡಿಸಿ, ತಮ್ಮ ದನಿ ತುಂಬಿ ಕೊಟ್ಟಿದ್ದರು. ಚಿತ್ರ ಒತ್ತಿದರೆ ಮಾತು ಬರುತ್ತಿತ್ತು, ಮರಾಠಿಯಲ್ಲಿ. ಕನ್ನಡದ ಮನೆಯಲ್ಲಿ ಹುಡುಗಿ "ಪಾಣಿ" ಎಂದು ಕೇಳುತ್ತಿದ್ದಳು, ತಾಯಿ ಲಗಮವ್ವ "ನೀರ ತಂದೆ ತಡಿ" ಎನ್ನುತ್ತಿದ್ದರು.

ಪ್ರಾಜಕ್ತಾ ಮೊದಲು ಒಳಗಿನ ದನಿ, ಚಿತ್ರ ಯಾವುದನ್ನೂ ಮುಟ್ಟದೆ ಸಾಫ್ಟ್‌ವೇರ್ ಅಷ್ಟನ್ನೇ ಹೊಸದಾಗಿ ಹಾಕಿ ನೋಡಿದರು. ಟ್ಯಾಬ್ ಕಂಪನಿಯ ಹೆಸರಿನಲ್ಲೇ ನಿಂತಿತು. ಬೇರೆ ಫೈಲ್ ಹುಡುಕಿ ಹಾಕಿದರು. ಅದೂ ಅಷ್ಟೇ. ಕೊನೆಗೆ ಚಿಂಚಲಿಗೆ ಫೋನ್ ಹಚ್ಚಿದರು.

"ವಿಠೋಬಾ ಅಣ್ಣಾ, ಎರಡರಾಗ ಒಂದ ಉಳಿತೈತಿ. ಪೂರಾ ಅಳಿಸಿದ್ರ ಟ್ಯಾಬ್ ಏಳತೈತಿ, ಒಳಗಿನ ಮಾತ ಹೋಗತಾವ. ಆ ಮಾತ ತಗದ ಕೊಡೂದು ನನ್ನ ಕೈಲಿ ಆಗೂದಿಲ್ಲ."

ಅತ್ತ ಹಿಂದಿನಿಂದ ಹುಡುಗಿ ಅಂಗೈಯಿಂದ ನೆಲ ಬಡಿಯುವುದು ಕೇಳುತ್ತಿತ್ತಂತೆ. ಆಮೇಲೆ ವಿಠೋಬಾ "ಅಳಿಸ್ರಿ" ಎಂದರು.

ಮರುದಿನ ಬೆಳಗ್ಗೆ ಟ್ಯಾಬ್ ಎದ್ದಿತು. ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ, ಒಂದು ಮಾತೂ ಇರಲಿಲ್ಲ. ಮಿರಜದಲ್ಲಿ ವಿಚಾರಿಸಿದರೆ ಆ ಶಿಕ್ಷಕಿ ಊರು ಬಿಟ್ಟಿದ್ದರು. "ಚಾಲೂ ಮಾಡಿ ಕೊಟ್ಟೇನಲ್ಲ ಅಂತ ಕಳಿಸಬಹುದಿತ್ರಿ. ಕಳಿಸಾಕ ಮನಸ ಬರಲಿಲ್ಲ. ಇದ್ದದ್ದನ್ನ ಅಳಿಸಿದಾಕಿ ನಾನ ಅಲ್ಲೇನ್ರಿ." ಚಿತ್ರ ಜೋಡಿಸುವ ಆ್ಯಪಿನ ಹಳೆಯ ಆವೃತ್ತಿ ಹುಡುಕಿ ಹಾಕಿದರು. ಭಾನುವಾರ ಅಂಗಡಿ ಮುಚ್ಚಿ ಪ್ಯಾಸೆಂಜರ್ ಗಾಡಿ ಹತ್ತಿ ಚಿಂಚಲಿಗೆ ಹೋದರು.

ಮನೆಯ ಬಿಂದಿಗೆ, ರೊಟ್ಟಿ ಬುಟ್ಟಿ, ಹಿತ್ತಲ ಆಡು, ಹಾಸಿಗೆ ಎಲ್ಲದರ ಫೋಟೊ ತೆಗೆದರು. ಲಗಮವ್ವನ ಬಾಯಲ್ಲಿ ಮಾತು ಹೇಳಿಸಿ ತುಂಬಿದರು. ಸಾರಿಕಾ ಬಿಂದಿಗೆಯ ಚಿತ್ರ ಒತ್ತಿದಳು. "ನೀರ" ಎಂದು ಅವ್ವನ ದನಿ ಬಂತು. ಹುಡುಗಿ ಅವ್ವನ ಮುಖ ನೋಡಿದಳು. ಮತ್ತೆ ಒತ್ತಿದಳು, ಮತ್ತೆ ಅವ್ವನನ್ನೇ ನೋಡಿದಳು. ಆಮೇಲೆ ಟ್ಯಾಬನ್ನು ದೂರ ತಳ್ಳಿದಳು.

"ತಾ ಕೇಳಿದ್ರ ಅವ್ವ ಕೇಳಿದಂಗಾತು. ನೀರ ಯಾರಿಗಿ ಬೇಕಾಗೈತಿ ಅನ್ನೂದ ತಿಳೀಲಿಲ್ಲ ಆಕಿಗಿ" ಎನ್ನುತ್ತಾರೆ ಪ್ರಾಜಕ್ತಾ. ಅಪ್ಪನ ದನಿ ಹಾಕಿದರೆ ಬಿದ್ದು ಬಿದ್ದು ನಕ್ಕಳು. ಆಗ ಲಗಮವ್ವ, "ಅಕ್ಕಾರ, ನೀವ ಹೇಳ್ರಿ. ನೀವು ಈ ಮನ್ಯಾಗ ಇರಾಂಗಿಲ್ಲ, ಆಕಿಗಿ ಗೊಂದಲ ಆಗೂದಿಲ್ಲ" ಎಂದರು.

ಪ್ರಾಜಕ್ತಾ ಟ್ಯಾಬನ್ನು ಬಾಯಿಯ ಹತ್ತಿರ ಹಿಡಿದು "ನೀರ ಕೊಡವಾ" ಎಂದರು. ಸಾರಿಕಾ ಒತ್ತಿದಳು. ಲಗಮವ್ವ ಎದ್ದು ನೀರು ತಂದರು. ಒಂದು ಗುಟುಕು ಕುಡಿದು ಮತ್ತೆ ಒತ್ತಿದಳು. ಮತ್ತೆ ತಂದರು. ತಂಬಿಗೆ ತುಂಬಿದ್ದರೂ ಒತ್ತುತ್ತಲೇ ಇದ್ದಳು. ಸಂಜೆಯ ಗಾಡಿ ತಪ್ಪಿತು. ಆ ರಾತ್ರಿ ಪ್ರಾಜಕ್ತಾ ಅದೇ ಮನೆಯಲ್ಲಿ ಉಂಡು ಮಲಗಿದರು.

ಈಗ ತಿಂಗಳಿಗೊಮ್ಮೆ ಹೊಸ ಮಾತು ತುಂಬಲು ಹೋಗುತ್ತಾರೆ. ಹೋದ ಸಲ ಸಾರಿಕಾ ಅವ್ವನ ಕಡೆ ಬೆರಳು ತೋರಿಸಿ, ಹುಬ್ಬು ಗಂಟಿಕ್ಕಿ, ನೆಲ ಗುದ್ದಿ ಏನೋ ಬೇಡಿದಳು. ಲಗಮವ್ವನಿಗೇ ಹೊಳೆಯಿತು: "ಜಗಳಾಡೂ ಮಾತ ಬೇಕಂತ್ರಿ ಆಕಿಗಿ!" ಅದನ್ನೂ ತುಂಬಿದ್ದಾಯಿತು.

ನಾವು ಮಾತಾಡುತ್ತಿರುವಾಗಲೇ ಫೋನ್ ಬರುತ್ತದೆ. ಚಿಂಚಲಿಯಿಂದ ಲಗಮವ್ವ. ಪ್ರಾಜಕ್ತಾ ಸ್ಪೀಕರ್ ಹಚ್ಚುತ್ತಾರೆ. ನನ್ನ ಎದುರು ಬಾಯಿ ಮುಚ್ಚಿ ಕೂತಿರುವವರ ದನಿಯೇ ಅತ್ತಲಿಂದ ಜೋರಾಗಿ ಕೇಳುತ್ತದೆ: "ಒಲ್ಲೆ. ಒಲ್ಲೆ. ಒಲ್ಲೆ. ನನಗ ಸಿಟ್ಟ ಬಂದೈತಿ." ಅದರ ನಡುವೆ ಲಗಮವ್ವ, "ರೊಟ್ಟಿ ಒಲ್ಲೆ ಅಂತಾಳ್ರಿ ಅಕ್ಕಾರ, ನೀವರೆ ಬುದ್ಧಿ ಹೇಳ್ರಿ" ಎನ್ನುತ್ತಾರೆ.

ಫೋನ್ ಇಟ್ಟ ಮೇಲೆ ಪ್ರಾಜಕ್ತಾ ಸೆರಗಿನಿಂದ ಪರದೆ ಒರೆಸುತ್ತಾರೆ. ಬಂದಾಗಿನಿಂದ ಅವರು ನಕ್ಕಿದ್ದನ್ನು ನಾನು ನೋಡುತ್ತಿರುವುದು ಇದೇ ಮೊದಲು.

"ಇಲ್ಲೆ ದಿನಾ ಪೂರ್ತಿ ಯಾರ ಜೋಡಿನೂ ನಾಕ ಮಾತ ಆಡಂಗಿಲ್ರಿ ನಾ. ಚಿಂಚಲ್ಯಾಗ ನೋಡ್ರಿ, ಮುಂಜಾನಿ ಎದ್ದ ಕೂಡಲೇ ಜಗಳಾ ಸುರು ಮಾಡೇನಿ."