ಮೊಳೆಗೆ ನೇತುಹಾಕಿದ ಹಗ್ಗಗಳು

ಕ್ಲಿಣ್, ಕ್ಲಿಣ್. ಕುರಿಮರಿಯ ಕೊರಳಿಗೆ ಕಟ್ಟುವ ಆ ಸಣ್ಣ ಗಂಟೆ ಒಂಬತ್ತು ವರ್ಷದ ಹುಡುಗಿಯ ಸೊಂಟದಲ್ಲಿ ಸದ್ದು ಮಾಡುತ್ತಿತ್ತು. ಹಗರಿಬೊಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿ ನಾನು ಬುದ್ಧಿಮಾಂದ್ಯ ಮಕ್ಕಳ ಶಾಲೆ ನಡೆಸುತ್ತಿದ್ದೆ. ತಾಯಿ ಅವಳನ್ನು, ಸೊಂಟಕ್ಕೆ ಕಟ್ಟಿದ ಗಂಟೆಯ ಹಗ್ಗದ ಸಮೇತ ಕರೆತಂದಿದ್ದಳು.

"ಕುರಿ ಹಿಂದ ಹೋಗಾಗ ಗಿಡಕ್ಕ ಕಟ್ತೀನ್ರಿ ಅಕ್ಕಾರ. ಇಲ್ಲಾಂದ್ರ ಬಾವಿ ಕಡಿ ಓಡ್ತಾಳ."

ಹಗ್ಗ ಬಿಚ್ಚಿ ತಾಯಿಯ ಕೈಗೇ ಕೊಟ್ಟೆ. ಆಕೆ ಹಿಂದೆ ಸರಿದಳು. "ಕುರಿ ಉಣ್ಣೆ ಹಗ್ಗ, ದೇವರ ಮುಂದ ಇಟ್ಟು ಕಟ್ಟಿದ್ದು, ಹೊರಗ ಒಗೀಬ್ಯಾಡ್ರಿ. ಮನಿಗೆ ಒಯ್ದರ ಮತ್ತ ಕಟ್ಟಬೇಕನಸ್ತೈತಿ. ನಿಮ್ಮಲ್ಲೇ ಇರ್ಲಿ."

ಗೋಡೆಯ ಮೊಳೆಗೆ ನೇತುಹಾಕಿದೆ. ಆಮೇಲೆ ಬಂದ ತಾಯಂದಿರೂ ಹಾಗೇ ಮಾಡಿದರು. ಏಳು ಹಗ್ಗಗಳಾದವು.

ಸರ್ಕಾರದ ಅಪ್ರೂವಲ್ ಇಲ್ಲದೆ ಖಾಸಗಿ ವಿಶೇಷ ಶಾಲೆ ನಡೆಸುವಂತಿಲ್ಲ. ಟ್ರೇನಿಂಗ್ ಆದ ಟೀಚರ್, ಕಟ್ಟಡದ ಸರ್ಟಿಫಿಕೇಟ್, ಬಾಗಿಲಿಗೆ ರ‍್ಯಾಂಪ್, ಎಲ್ಲವನ್ನೂ ಹೊಂದಿಸುವಷ್ಟರಲ್ಲಿ ಎರಡು ವರ್ಷವಾಯಿತು. ಉಳಿದದ್ದು ಇನ್‌ಸ್ಪೆಕ್ಷನ್. ನಾನು ಕಾನ್ವೆಂಟಿನಲ್ಲಿ ಓದಿದವಳು. ಇನ್‌ಸ್ಪೆಕ್ಷನ್ ಎಂದರೆ ಎಲ್ಲಕ್ಕೂ ಲೇಬಲ್ ಅಂಟಿಸಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಹಗ್ಗಗಳನ್ನು ತೊಳೆದು ಸಾಲಾಗಿ ತೂಗುಹಾಕಿ, ಕೆಳಗೆ ಮಕ್ಕಳ ಹೆಸರು ಬರೆದೆ. ಸ್ಟುಪಿಡ್ ಮುದುಕಿ ನಾನು. ಅದು ನನ್ನ ಹೆಮ್ಮೆಯ ಗೋಡೆಯಾಗಿತ್ತು.

ಇನ್‌ಸ್ಪೆಕ್ಷನ್‌ಗೆ ಬಂದ ಅಧಿಕಾರಿ ಆ ಗೋಡೆಯ ಮುಂದೆಯೇ ನಿಂತರು. "ಇವೇನು ಮೇಡಂ?"

"ಬಿಚ್ಚಿದ ಹಗ್ಗಗಳು, ಸರ್."

ಮಗಳನ್ನು ಬಿಡಲು ಬಂದಿದ್ದ ಆ ಮೊದಲ ತಾಯಿ ನಡುವೆ ಬಾಯಿ ಹಾಕಿದಳು. "ಸಾಹೇಬ್ರ, ಕಟ್ಟಿದಾಕಿ ನಾನು. ಬರಕೊಳ್ಳಾದಿದ್ರ ನನ್ನ ಹೆಸರು ಬರಕೋರಿ. ಈ ಅಕ್ಕಾರು ಒಂದು ಆಡು ಕಟ್ಟಾಕೂ ಬರಲಾರದವರು!"

ಅಧಿಕಾರಿ ನಕ್ಕರು. ಕೆಟ್ಟವರೇನಲ್ಲ. ಆದರೆ ಹೆಸರು ಬರೆದ ಹಗ್ಗಗಳ ಫೋಟೊ ತೆಗೆದುಕೊಂಡರು. ಮಕ್ಕಳನ್ನು ಕಟ್ಟಿಹಾಕುವ ಸಾಧನಗಳು ಕಂಡುಬಂದಿವೆ ಎಂದು ವರದಿಯಾಯಿತು; ಅಪ್ರೂವಲ್ ನಿರಾಕರಿಸಿ ಆದೇಶ ಬಂತು. ವಿವರಣೆ ಬರೆದು ಕಳಿಸಿದೆ. ಉತ್ತರ ಇಲ್ಲ. ಶಾಲೆಯ ಬಾಗಿಲು ಹಾಕಿದ ದಿನ ಆ ತಾಯಿ ಬಂದು, ಮೊಳೆಯಿಂದ ತನ್ನ ಹಗ್ಗ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಆ ಹುಡುಗಿಯನ್ನು ಕಡೆಯದಾಗಿ ಕಂಡದ್ದು ಹಿರೇಹಡಗಲಿಯ ಹತ್ತಿರ, ಅವರ ಹೊಲದಲ್ಲಿ. ಬೇವಿನ ಗಿಡದ ಬುಡದಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದಾಗ ಗಂಟೆ ಸದ್ದಾಯಿತು. ನಾನು ಎರಡು ವರ್ಷ ಕೂತು ಕಲಿಸಿದ್ದನ್ನು ತೋರಿಸಲು, ಫ್ರಾಕಿನ ಮುಂದಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಮತ್ತೆ ಒಂದೊಂದಾಗಿ ಹಾಕಿಕೊಂಡಳು. ಒಂದೂ ತಪ್ಪಲಿಲ್ಲ. ಸೊಂಟದ ಹಗ್ಗದ ಗಂಟು ಮಾತ್ರ ಅವಳ ಕೈಗೆಟುಕದಂತೆ ಬೆನ್ನ ಹಿಂದಿತ್ತು.